ಗ್ರೈಂಡರ್ ಹಿಡಿಯುವ ಮೊದಲು ಪ್ಲಗ್ಗು ನೋಡಿ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಷನ್ ಅಂಗಡಿ ಇದೆ. ಗೇಟು, ಕಿಟಕಿಯ ಗ್ರಿಲ್ಲು, ಹೊಲದ ಶೆಡ್ಡು ನಮ್ಮ ದಿನನಿತ್ಯದ ಕೆಲಸ. ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ವಾರ ಗ್ರೈಂಡರ್, ಅಂದರೆ ಡಿಸ್ಕು ತಿರುಗಿಸಿ ಕಬ್ಬಿಣ ಕತ್ತರಿಸುವ ಕೈಯಂತ್ರ, ಮುಟ್ಟಲು ಬಿಡುವುದಿಲ್ಲ. ಇದು ಜಿಪುಣತನವಲ್ಲ, ಒಂದು ಮಧ್ಯಾಹ್ನದ ನೆನಪು.

ಪೈಪು ಕತ್ತರಿಸುತ್ತಿದ್ದಾಗ ಕರೆಂಟು ಹೋಯಿತು. ಹುಡುಗ ಗ್ರೈಂಡರನ್ನು ಮೇಜಿನ ಮೇಲಿಟ್ಟು ನನ್ನ ಜೊತೆ ಚಹಾಕ್ಕೆ ಬಂದ. ಸ್ವಿಚ್ಚು ಮುಂದಕ್ಕೆ ತಳ್ಳಿದ್ದು ಹಾಗೆಯೇ ಇತ್ತು. ಕರೆಂಟು ಬಂದ ಕೂಡಲೇ ಯಂತ್ರ ತಾನೇ ತಿರುಗತೊಡಗಿ ಮೇಜಿನಿಂದ ಜಿಗಿಯಿತು, ಪೈಪಿನ ರಾಶಿಗೆ ಬಡಿದು ಡಿಸ್ಕು ಚೂರಾಯಿತು. ಒಂದು ಚೂರು ಗೋಡೆಯ ಕ್ಯಾಲೆಂಡರನ್ನು ಸೀಳಿತ್ತು. ದಿನವೂ ನಾನು ಬೆನ್ನು ಮಾಡಿ ಕೂರುವ ಜಾಗ ಅದು.

ಅಂದಿನಿಂದ ಕರೆಂಟು ಹೋದರೆ ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಆಮೇಲೆ ಚಹಾ. ಹೊಸದು ಕೊಳ್ಳುವವರು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ, ಬಿಟ್ಟರೆ ನಿಲ್ಲುವ ಸ್ವಿಚ್ಚಿನದನ್ನೇ ಕೊಳ್ಳಿ.

ಇನ್ನು ಡಿಸ್ಕು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತಿರುತ್ತದೆ. ಡಿಸ್ಕಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಮೇಲಿನ ಸಂಖ್ಯೆಗಿಂತ ಕಡಿಮೆ ಇರಲೇಬಾರದು. ಹಲವು ಡಿಸ್ಕುಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷವೂ ಇರುತ್ತದೆ. ಅಂಟಿನಿಂದ ಹಿಡಿದಿಟ್ಟ ಹರಳು ಅದು, ತೇವಕ್ಕೆ ಸಡಿಲಾಗುತ್ತದೆ. ನಮ್ಮ ಊರಿನ ಜುಲೈ ಮಳೆಯಲ್ಲಿ ಗೋಡೆಯೇ ಬೆವರುವಾಗ ಡಿಸ್ಕುಗಳನ್ನು ನೆಲದ ಮೇಲೆ ಬಿಡಬೇಡಿ, ಮುಚ್ಚಳದ ಡಬ್ಬಿಯಲ್ಲಿಡಿ. ಕೈಜಾರಿ ಬಿದ್ದದ್ದನ್ನು ಎಸೆದುಬಿಡಿ. ಹೊಸದನ್ನು ಹಾಕಿದ ಮೇಲೆ ಮುಖ ಪಕ್ಕಕ್ಕೆ ಸರಿಸಿ, ಒಂದು ನಿಮಿಷ ಖಾಲಿ ಓಡಿಸಿ ನೋಡಿ.

ಡಿಸ್ಕಿನ ಸುತ್ತ ರಕ್ಷಣೆಗಿರುವ ಗಾರ್ಡ್ ಬಿಚ್ಚಿ ಐದು ಇಂಚಿನ ಡಿಸ್ಕು ಹಾಕುವ ಜಾಣರು ನಮ್ಮ ಓಣಿಯಲ್ಲೂ ಇದ್ದಾರೆ. ಮರ ಕತ್ತರಿಸುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಏರಿಸುವವರೂ ಇದ್ದಾರೆ. ಅವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ, ನನ್ನ ಅಂಗಡಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಯಂತ್ರ ಒದೆಯುವುದು ಏಕೆ ಎಂದು ಹುಡುಗರು ಕೇಳುತ್ತಾರೆ. ಪೈಪಿನ ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ಕತ್ತರಿಸಿದರೆ, ಮುಗಿಯುವ ಹೊತ್ತಿಗೆ ನಡು ಬಾಗಿ ಸೀಳು ಮುಚ್ಚಿಕೊಳ್ಳುತ್ತದೆ. ಡಿಸ್ಕು ಸಿಕ್ಕಿಹಾಕಿಕೊಂಡು ಯಂತ್ರ ಎದೆಯತ್ತ ಎಗರುತ್ತದೆ. ಬೇಕಾದ ಭಾಗವನ್ನು ವೈಸಿನಲ್ಲಿ ಬಿಗಿದು ಬೇಡದ ತುದಿಯನ್ನು ಹೊರಗೆ ಜೋತಾಡಲು ಬಿಡಿ. ಪಕ್ಕದ ಹಿಡಿಯನ್ನು ಬಿಚ್ಚಿಡಬೇಡಿ. ಅದಿರುವುದು ಎರಡನೆಯ ಕೈಗೆ. ಕಿಡಿ ಬೀಳುವ ಕಡೆ ಪೇಂಟು, ಥಿನ್ನರ್ ಡಬ್ಬಿ ಇಲ್ಲವೇ ನೋಡಿ.

ಕಣ್ಣಿಗೆ ಪಕ್ಕವೂ ಮುಚ್ಚುವ ಗಾಗಲ್ ಬೇಕು, ಓದುವ ಕನ್ನಡಕ ಸಾಲದು. ಮೈಮೇಲೆ ಹತ್ತಿಯ ಬಟ್ಟೆ ಇರಲಿ, ನೈಲಾನ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ರೈಂಡರಿಗೆ ಚರ್ಮದ ಕೈಗವಸು ಸರಿ, ಡ್ರಿಲ್ಲಿಗೆ ಬೇಡ. ತಿರುಗುವ ಡ್ರಿಲ್ ಬಿಟ್ ಕೈಗವಸನ್ನು ಸುತ್ತಿಕೊಂಡರೆ ಬೆರಳನ್ನೂ ಬಿಡುವುದಿಲ್ಲ.

ಸಾಕೆಟ್ಟಿನಲ್ಲಿ ಬರಿಯ ತಂತಿ ತೂರಿಸಿ ಬೆಂಕಿಕಡ್ಡಿ ಸಿಗಿಸುವ ಚಾಳಿಯನ್ನು ಇಂದೇ ಬಿಡಿ. ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್ಚು, ಹಾಕಿಸಿ. ಮೈಯ ಮೂಲಕ ನೆಲಕ್ಕೆ ಕರೆಂಟು ಹರಿಯತೊಡಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಯಂತ್ರದ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಎರಡು ಪಿನ್ನಿನ ಪ್ಲಗ್ಗು ಸಾಕು, ಇಲ್ಲದಿದ್ದರೆ ಅರ್ಥಿಂಗ್ ಇರುವ ಮೂರು ಪಿನ್ನೇ ಬೇಕು. ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುರುಳಿಯಲ್ಲೇ ಇದ್ದರೆ ಬಿಸಿಯಾಗಿ ಕರಗುತ್ತದೆ.

ಡಿಸ್ಕು ಬದಲಿಸುವಾಗ ಪ್ಲಗ್ಗು ತೆಗೆಯಿರಿ ಎಂದು ಬಾಯಿ ನೋಯುವಷ್ಟು ಹೇಳಿದರೂ ಹುಡುಗರು ಮರೆಯುತ್ತಿದ್ದರು. ಕೊನೆಗೆ ನಟ್ಟು ಬಿಚ್ಚುವ ಪಾನವನ್ನು ದಾರದಿಂದ ಪ್ಲಗ್ಗಿನ ಬುಡಕ್ಕೇ ಕಟ್ಟಿಬಿಟ್ಟೆ. ಪ್ಲಗ್ಗು ಕಿತ್ತು ತರದೆ ಪಾನ ನಟ್ಟಿನವರೆಗೆ ಬರುವುದೇ ಇಲ್ಲ. “ದಾರ ಗಿಡ್ಡವಾಯಿತು ಕಾಕಾ” ಎಂದು ಈಗಲೂ ಗೊಣಗುತ್ತಾರೆ. ಗಿಡ್ಡವಾಗಲಿ ಎಂದೇ ಕಟ್ಟಿದ್ದೇನೆ.