ಸರಾಸರಿ ಫ್ಯಾಟ್ 'ನಾನ್' ಅಂತ ಬಂದರೆ

ನಮ್ಮೂರ ಡೇರಿಯ ಬಟವಾಡೆ ಲೆಕ್ಕಕ್ಕೆ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಒಂದು ಬೆಳಿಗ್ಗೆ ಕಾರ್ಯದರ್ಶಿಗಳ ಫೋನ್. "ಏನಪ್ಪಾ, ಸರಾಸರಿ ಫ್ಯಾಟ್ ಎಷ್ಟು ಅಂದ್ರೆ 'ನಾನ್' ಅಂತಿದೆ. ಯಾರಪ್ಪಾ ಅದು?"

ಅದು ಎನ್‌ಎಎನ್. 'ಇದು ಸಂಖ್ಯೆಯೇ ಅಲ್ಲ' ಅನ್ನೋದರ ಗುರುತು. ಇಡೀ ಫೈಲ್‌ನಲ್ಲಿ ಒಂದೇ ಒಂದು ಸ್ಯಾಂಪಲ್ ಓದಲಾಗದೆ ಫ್ಯಾಟ್ ಅಳೆಯುವ ಯಂತ್ರ ಆ ಮೂರಕ್ಷರ ಬರೆದಿತ್ತು. ಬರೆದದ್ದನ್ನು ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್ ಫಂಕ್ಷನ್‌ಗೆ 'ಹಾಲು' ಅಂತ ಕೊಟ್ಟರೆ ವ್ಯಾಲ್ಯೂಎರರ್ ಬರುತ್ತದೆ. ಎನ್‌ಎಎನ್ ಅಥವಾ ಇನ್ಫಿನಿಟಿ (ಅನಂತ) ಅಂತ ಬರೆದ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಕೊಟ್ಟರೆ ಚಕಾರ ಎತ್ತದೆ ತೆಗೆದುಕೊಳ್ಳುತ್ತದೆ. ಆಮೇಲೆ ಹಾಲಿಗೆ ಹುಳಿ ಹಿಂಡಿದ ಹಾಗೆ, ಅದು ಸೇರಿದ ಮೊತ್ತವೆಲ್ಲ ಎನ್‌ಎಎನ್.

ತಪಾಸಣೆ ಹಾಕಿರಲಿಲ್ಲ ಅಂತಲ್ಲ. 'ಫ್ಯಾಟ್ 2ಕ್ಕಿಂತ ಕಮ್ಮಿ ಅಥವಾ 12ಕ್ಕಿಂತ ಜಾಸ್ತಿ ಇದ್ದರೆ ಸೇರಿಸಬೇಡ' ಅಂತ ಬರೆದಿದ್ದೆ. ಆದರೆ ಎನ್‌ಎಎನ್ ಚಿಕ್ಕದಾ, ದೊಡ್ಡದಾ, ಸಮವಾ ಅಂತ ಹೇಗೆ ಕೇಳಿದರೂ ಉತ್ತರ ಫಾಲ್ಸ್, ಅಂದ್ರೆ 'ಅಲ್ಲ'. ತನಗೆ ತಾನೇ ಸಮ ಅಲ್ಲ ಅದು! ನನ್ನ ಎರಡೂ ಬೇಲಿಯನ್ನು ಆರಾಮಾಗಿ ದಾಟಿತ್ತು. ಅದೇ ಮಾತನ್ನು ತಿರುಗಿಸಿ '2ರಿಂದ 12ರ ಒಳಗಿದ್ದರೆ ಮಾತ್ರ ಸೇರಿಸು' ಅಂದಿದ್ದರೆ ಸಿಕ್ಕಿಬೀಳುತ್ತಿತ್ತು.

ಸರಿಯಾದ ದಾರಿ ಇದಕ್ಕಿಂತ ಸುಲಭ. ಮ್ಯಾತ್ ಮಾಡ್ಯೂಲ್ ಇಂಪೋರ್ಟ್ ಮಾಡಿ. ಅಂಕಿಯನ್ನು ಫ್ಲೋಟ್ ಮಾಡಿದ ಕೂಡಲೇ, ಲೆಕ್ಕಕ್ಕೆ ಸೇರಿಸುವ ಮೊದಲು, ಮ್ಯಾತ್ ಡಾಟ್ ಈಸ್‌ಫೈನೈಟ್‌ಗೆ ಕೊಡಿ. ಮಾಮೂಲಿ ಸಂಖ್ಯೆಗೆ ಟ್ರೂ, ಸೊನ್ನೆಗೂ ಟ್ರೂ. ಎನ್‌ಎಎನ್, ಪ್ಲಸ್ ಇನ್ಫಿನಿಟಿ, ಮೈನಸ್ ಇನ್ಫಿನಿಟಿ ಮೂರಕ್ಕೂ ಫಾಲ್ಸ್. ಪೈಥಾನ್ 3.2ರಿಂದ ಇದು ಇದೆ. ಈಸ್‌ನ್ಯಾನ್, ಈಸ್‌ಇನ್ಫ್ ಅಂತ ಬೇರೆ ಬೇರೆಯೂ ಇವೆ. ಏನು ತಪ್ಪಾಯ್ತು ಅಂತ ಬಿಡಿಸಿ ಹೇಳಬೇಕಾದಾಗ ಮಾತ್ರ ನಾನು ಅವನ್ನು ಮುಟ್ಟುತ್ತೇನೆ.

ಇನ್ಫಿನಿಟಿ ಎಲ್ಲಿಂದ ಬರುತ್ತೆ ಅಂತೀರಾ? ಸುಮ್ನೆ ಸೊನ್ನೆಯಿಂದ ಭಾಗಿಸಿದರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ಲೆಕ್ಕದ ಲೈಬ್ರರಿಯಾದ ನಂಪೈಯ ಅರೇಯಲ್ಲಿ (ಸಂಖ್ಯೆಗಳ ಪಟ್ಟಿಯಲ್ಲಿ) 5ನ್ನು ಸೊನ್ನೆಯಿಂದ ಭಾಗಿಸಿ ನೋಡಿ: ಒಂದು ವಾರ್ನಿಂಗ್ ಕೊಟ್ಟು ಇನ್ಫಿನಿಟಿ ಇಟ್ಟು ಮುಂದೆ ಹೋಗುತ್ತದೆ. ಅಲ್ಲಿ ನಂಪೈಯದ್ದೇ ಈಸ್‌ಫೈನೈಟ್ ಬಳಸಿ. ಪ್ರತಿ ಅಂಕಿಗೂ ಬೇರೆ ಬೇರೆ ಉತ್ತರ ಸಿಗುತ್ತದೆ.

ಎರಡು ಕಡೆ ಎಡವುತ್ತೀರಿ. '4.1' ಅಂತ ಸ್ಟ್ರಿಂಗ್ ಆಗಿಯೇ ಇರುವುದನ್ನೋ, 'ಏನೂ ಇಲ್ಲ' ಅನ್ನುವ None ಅನ್ನೋ ಮ್ಯಾತ್‌ನ ಈಸ್‌ಫೈನೈಟ್‌ಗೆ ಕೊಟ್ಟರೆ ಫಾಲ್ಸ್ ಬರಲ್ಲ, ಟೈಪ್‌ಎರರ್ ಬರುತ್ತದೆ. 10ರ 400ನೇ ಘಾತದಂಥ ಭಾರೀ ಪೂರ್ಣಾಂಕ ಕೊಟ್ಟರೆ ಓವರ್‌ಫ್ಲೋಎರರ್. ಫ್ಲೋಟ್‌ನಲ್ಲಿ ಅದು ಹಿಡಿಸಲ್ಲ. ಪೈಥಾನ್ ಪೂರ್ಣಾಂಕಕ್ಕೆ ಇನ್ಫಿನಿಟಿ ಆಗುವ ಚಟವೇ ಇಲ್ಲ, ಅದಕ್ಕೆ ಈ ಪರೀಕ್ಷೆ ಬೇಡ. (ಜಾವಾಸ್ಕ್ರಿಪ್ಟ್‌ನವರು ನಂಬರ್ ಡಾಟ್ ಈಸ್‌ಫೈನೈಟ್ ಬಳಸಿ. ಅಲ್ಲಿನ ಹಳೇ ಈಸ್‌ಫೈನೈಟ್ ಖಾಲಿ ಸ್ಟ್ರಿಂಗನ್ನೂ ಸೊನ್ನೆ ಅಂದುಕೊಂಡು ಪಾಸ್ ಮಾಡುತ್ತದೆ.)

ಫಾಲ್ಸ್ ಬಂದ ಸಾಲಿಗೆ ಸೊನ್ನೆ ಹಾಕಿ ಮುಚ್ಚಿಬಿಡಬೇಡಿ. ನಾನೀಗ ಸ್ಯಾಂಪಲ್ ನಂಬರ್, ಬೆಳಿಗ್ಗೆಯದ್ದೋ ಸಂಜೆಯದ್ದೋ ಅಂತ ಬೇರೆ ಪಟ್ಟಿಗೆ ಬರೆಸುತ್ತೇನೆ. ಅದನ್ನು ಕಾರ್ಯದರ್ಶಿಗಳು ನೋಡಿ ತೀರ್ಮಾನ ಮಾಡುತ್ತಾರೆ. ಅವತ್ತಿನ ಸಾಲು ನಮ್ಮ ಚಿಕ್ಕಮ್ಮನ ಎಮ್ಮೆ ಹಾಲಿನದ್ದು. ಸೊನ್ನೆ ಫ್ಯಾಟ್ ಅಂತ ಬಟವಾಡೆ ಮಾಡಿದ್ದರೆ ಹಬ್ಬಕ್ಕೆ ಊರಿಗೆ ಹೋಗೋ ಹಾಗಿರಲಿಲ್ಲ.