ಬಕೆಟ್ಟಿಗೆ ಒಂದೇ ಟೊಮೆಟೊ, ಅರ್ಧ ಡ್ರಮ್ಮಿಗೆ ಒಂದು ಅಂಜೂರ

ಬೆಂಗಳೂರಿನ ಮೂವತ್ತಕ್ಕೆ ನಲವತ್ತು ಅಡಿ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಮಣ್ಣು ಅಂತ ಉಳಿಯೋದು ಗೇಟಿನ ಪಕ್ಕದ ಒಂದಿಷ್ಟು ಜಾಗ. ಅಲ್ಲೂ ಸಂಪಿನ ಮುಚ್ಚಳ ಇರುತ್ತದೆ. ಹಾಗಾಗಿ ನನ್ನ ತೋಟವೆಲ್ಲ ಬಕೆಟ್ಟು, ಡ್ರಮ್ಮುಗಳಲ್ಲೇ ಇದೆ. ಸ್ವಲ್ಪ ಮನೆ ಪಕ್ಕದ ಓಣಿಯಲ್ಲಿ, ಮಿಕ್ಕಿದ್ದು ತಾರಸಿ ಮೇಲೆ.

ಕುಂಡದಲ್ಲಿ ಏನೇನು ಬೆಳೆಯಬಹುದು ಅಂತ ಎಲ್ಲರೂ ಕೇಳುತ್ತಾರೆ. ಹಟ ಹಿಡಿದರೆ ಹೆಚ್ಚುಕಮ್ಮಿ ಎಲ್ಲವನ್ನೂ ಬೆಳೆಯಬಹುದು. ಆದರೆ ಆ ಕುಂಡ ಹಿಡಿದ ಜಾಗಕ್ಕೆ, ಕುಡಿದ ನೀರಿಗೆ ತಕ್ಕಷ್ಟು ವಾಪಸ್ ಕೊಡುತ್ತಾ ಅನ್ನೋದು ನನ್ನ ಲೆಕ್ಕ. ಹೂಕೋಸು ಒಂದು ಬಕೆಟ್ಟನ್ನು ಹತ್ತಿರಹತ್ತಿರ ಮೂರು ತಿಂಗಳು ಹಿಡಿದುಕೊಂಡು ಕೊನೆಗೆ ಒಂದೇ ಒಂದು ಹೂ ಕೊಡುತ್ತದೆ. ಅದರಲ್ಲೇ ಬದನೆ ಹಾಕಿದರೆ ತಿಂಗಳುಗಟ್ಟಲೆ ಕಾಯಿ ಕೀಳಬಹುದು. ಈರುಳ್ಳಿ, ಆಲೂಗಡ್ಡೆ ನಾನು ಹಾಕೋದೇ ಇಲ್ಲ. ಅವು ತಳ್ಳುಗಾಡಿಯಲ್ಲಿ ಬಂದರೆ ಸಾಕು. ಸೊಪ್ಪಿನ ಮಾತೇ ಬೇರೆ. ದಂಟು, ಮೆಂತ್ಯ, ಸಬ್ಬಸಿಗೆಗೆ ಆಳವೇ ಬೇಡ, ಅಗಲ ಇದ್ದರಾಯಿತು. ಹಳೆ ಟಬ್ಬಿನಲ್ಲಿ ಚೆಲ್ಲಿದ ಮೆಂತ್ಯ ತಿಂಗಳೊಳಗೆ ಸಾರಿಗೆ ಬರುತ್ತದೆ.

ಪೇಂಟಿನ ಖಾಲಿ 20 ಲೀಟರ್ ಬಕೆಟ್ಟುಗಳು ಗುಜರಿಯಲ್ಲಿ ಸಿಗುತ್ತವೆ. ಒಂದಕ್ಕೆ ಒಂದೇ ಟೊಮೆಟೊ, ಅಥವಾ ಒಂದು ಬದನೆ, ಅಥವಾ ಎರಡು ಬೆಂಡೆ. ಸಸಿ ಚಿಕ್ಕದಿರುವಾಗ ಇನ್ನೂ ಜಾಗ ಇದೆಯಲ್ಲ ಅನ್ನಿಸುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹಣ್ಣಿನ ಗಿಡಗಳಿಗೆ 200 ಲೀಟರ್ ಡ್ರಮ್ಮನ್ನು ಅಡ್ಡಕ್ಕೆ ಕುಯ್ಯಿಸಿ ಎರಡು ಮಾಡಿಕೊಳ್ಳುತ್ತೇನೆ. ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ ತನ್ನಿ, ಕೆಮಿಕಲ್ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ಮಣ್ಣು ತುಂಬಿ ನೀರು ಕುಡಿದ ಮೇಲೆ ಅರ್ಧ ಡ್ರಮ್ಮು ಸುಲಭವಾಗಿ 100 ಕೆಜಿ ದಾಟುತ್ತದೆ. ಅದನ್ನು ತಾರಸಿಯ ನಡುವೆ ಇಡದೆ ಕೆಳಗೆ ಗೋಡೆಯೋ ಬೀಮೋ ಬರುವ ಕಡೆ, ಇಟ್ಟಿಗೆ ಕೊಟ್ಟು ಇಡಬೇಕು.

ಬರೀ ಕೆಂಪು ಮಣ್ಣು ತುಂಬಿದರೆ ಬಿಸಿಲಿಗೆ ಗಟ್ಟಿಯಾಗಿ ಬಕೆಟ್ಟಿನ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಇಳಿದು ತಳದಿಂದ ಆಚೆ ಬರುತ್ತದೆ. ನಮಗೆ ನೀರು ಹಾಕಿದ ಸಮಾಧಾನ, ಬೇರಿಗೆ ಮಾತ್ರ ಏನೂ ಸಿಗಲ್ಲ. ಅದಕ್ಕೇ ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮಪಾಲು ಬೆರೆಸಿ, ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ ಸೇರಿಸುತ್ತೇನೆ. ಕೋಕೋಪೀಟನ್ನು ನೆನೆಸಿ, ಒಂದೆರಡು ಸಲ ತೊಳೆದು ಹಿಂಡಿದರೆ ಅದರ ಉಪ್ಪಿನಂಶ ಹೋಗುತ್ತದೆ. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಗೊಬ್ಬರ ಹಾಕಿದರೆ ಬೇರಿಗೆ ಬಿಸಿ ತಾಗುತ್ತದೆ, ಜೊತೆಗೆ ಗೊಣ್ಣೆಹುಳದ ಕಾಟ.

ನೀರಿನ ವಿಷಯದಲ್ಲಿ 2024ರ ಬೇಸಿಗೆ ಎಲ್ಲರಿಗೂ ಪಾಠ ಮಾಡಿತು. ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ, ಗಾಡಿ ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆ ಮಾರ್ಚಿನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಸೊಪ್ಪಿನ ಟಬ್ಬುಗಳನ್ನೆಲ್ಲ ಖಾಲಿ ಬಿಟ್ಟೆ. ಹಣ್ಣಿನ ಡ್ರಮ್ಮುಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಮೇಲೆ ತೆಂಗಿನ ನಾರು, ಒಣ ಎಲೆ ದಪ್ಪಗೆ ಹೊದಿಸಿದ್ದೆ. ಈಗಲೂ ಏಪ್ರಿಲ್, ಮೇ ತಿಂಗಳಲ್ಲಿ ಅದೇ ಪದ್ಧತಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಕುಂಡಕ್ಕೆ ಹಾಕಲ್ಲ. ಅದರಲ್ಲಿ ಲವಣ ಜಾಸ್ತಿ, ದಿನಾ ಹಾಕಿದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ನೆಲ ಒರೆಸೋಕೆ ಅದು ಸಾಕು.

ಟೊಮೆಟೊ ತುದಿ ಕಪ್ಪಾಗಿ ಕೊಳೆತರೆ ಕ್ಯಾಲ್ಸಿಯಂ ಕಮ್ಮಿ ಅಂತ ಜನ ಮೊಟ್ಟೆ ಸಿಪ್ಪೆ ಪುಡಿ ಹುಡುಕುತ್ತಾರೆ. ಕುಂಡದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಇರುತ್ತದೆ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಅದು ಕಾಯಿ ತನಕ ತಲುಪಲ್ಲ, ಅಷ್ಟೇ. ಎಲೆ ಮುರುಟು ರೋಗ ಬಂದರೆ ಮಾತ್ರ ಔಷಧಿ ಇಲ್ಲ, ಬಿಳಿನೊಣ ಅದನ್ನು ಪಕ್ಕದ ಗಿಡಕ್ಕೆ ಸಾಗಿಸುವ ಮೊದಲು ಕಿತ್ತು ಬಿಸಾಕಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅನ್ನೋ ಟೊಮೆಟೊ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್, ಅದರ ಬೀಜದಿಂದ ಅದೇ ಗುಣದ ಗಿಡ ಬರಲ್ಲ, ಹಾಗಾಗಿ ಬೀಜ ಎತ್ತಿಡೋಕೆ ಹೋಗಬೇಡಿ. ಬೆಂಡೆಗೆ ಅಲ್ಲಿಯದೇ ಅರ್ಕಾ ಅನಾಮಿಕ ಹಾಕುತ್ತೇನೆ, ಅದರ ಬೀಜ ಉಳಿಸಿಕೊಳ್ಳಬಹುದು.

ಹೀರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಳ್ಳಿ ಚಪ್ಪರ ತುಂಬಿದೆ, ಹೂವೂ ಇದೆ, ಪೀಚುಗಳೆಲ್ಲ ಹಳದಿಯಾಗಿ ಉದುರುತ್ತಿವೆ ಅನ್ನೋ ದೂರು ಎಲ್ಲರದ್ದೂ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಾಗದಿದ್ದರೆ ಹೀಗಾಗುತ್ತದೆ, ನಾವೇ ತಾಗಿಸಬೇಕು. ಆದರೆ ಹೀರೆ ಹೂ ಅರಳೋದು ಸಂಜೆ. ಬೆಳಿಗ್ಗೆ ಬ್ರಷ್ಷು ಹಿಡಿದು ಹೋದರೆ ಆಟ ಮುಗಿದಿರುತ್ತದೆ. ಬಿಸಿಲು ಇಳಿದ ಮೇಲೆ ಹೋಗಿ ನೋಡಿ. ಗಂಡು ಹೂ ಗೊಂಚಲಿನಲ್ಲಿರುತ್ತವೆ. ಹೆಣ್ಣು ಹೂ ಒಂಟಿ, ಅದರ ಹಿಂದೆ ಕಿರುಬೆರಳಿನಷ್ಟು ಪೀಚು, ಅದರ ಮೇಲೆ ಆಗಲೇ ಏಣುಗಳ ಗೆರೆ. ಗಂಡು ಹೂ ಕಿತ್ತು, ಎಸಳನ್ನು ಹಿಂದಕ್ಕೆ ಮಡಚಿ, ಹಳದಿ ಪುಡಿ ಹೆಣ್ಣು ಹೂವಿನ ನಡುವೆ ಹತ್ತುವ ಹಾಗೆ ಮೆಲ್ಲಗೆ ಸವರಬೇಕು. ಕಟ್ಟಿದ ಪೀಚು ಎರಡು ಮೂರು ದಿನದಲ್ಲಿ ಹಸಿರಾಗಿಯೇ ದಪ್ಪಗಾಗುತ್ತದೆ. ಕುಂಬಳ, ಸೌತೆಗೆ ಇದೇ ಕೆಲಸ ಬೆಳಿಗ್ಗೆ.

ಕಡಲೆಕಾಯಿ ಹಿಂಡಿ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕುತ್ತೇನೆ. ಅದರ ವಾಸನೆಗೆ ಮೂಗು ಮುಚ್ಚಿಕೊಂಡೇ ನಮ್ಮತ್ತೆ ಅಂದಿದ್ದರು, "ಎಷ್ಟು ಉಪಚಾರ ಮಾಡ್ತೀಯಮ್ಮ, ಅದಕ್ಕೂ ಸ್ವಲ್ಪ ಹಸಿವಾಗ್ಲಿ ಬಿಡು." ಮಾತು ನಿಜ. ಹಿಂಡಿಯಲ್ಲಿರುವ ಸಾರಜನಕ ಜಾಸ್ತಿಯಾದರೆ ಎಲೆ ದಟ್ಟವಾಗುತ್ತದೆ, ಹೂ ಹಿಂದೆ ಬೀಳುತ್ತದೆ. ನಿಂಬೆಗಂತೂ ನಾನೀಗ ಕೈ ಬಿಗಿ ಹಿಡಿದೇ ಹಾಕೋದು.

ಹಣ್ಣಿನಲ್ಲಿ ಅರ್ಧ ಡ್ರಮ್ಮಿಗೆ ಹೇಳಿ ಮಾಡಿಸಿದ್ದು ಅಂಜೂರ. ಕಡ್ಡಿ ನೆಟ್ಟರೆ ಚಿಗುರುತ್ತದೆ, ಫಸಲು ಮುಗಿದ ಮೇಲೆ ಕೊಂಬೆ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಮತ್ತೆ ಕಾಯಿ. ತೊಂದರೆ ಒಂದೇ. ಅಂಜೂರವನ್ನು ಕಾಯಿ ಕಿತ್ತಿಟ್ಟು ಹಣ್ಣು ಮಾಡೋಕೆ ಆಗಲ್ಲ, ಮೆತ್ತಗಾಗಿ ತೊಟ್ಟಿನ ಹತ್ತಿರ ಬಾಗುವ ತನಕ ಗಿಡದಲ್ಲೇ ಬಿಡಬೇಕು. ಅಷ್ಟರಲ್ಲಿ ಪಿಕಳಾರ ಹಕ್ಕಿ ಹಾಜರ್. ಮದುವೆ ಮನೆಗಳಲ್ಲಿ ತಾಂಬೂಲ ಹಾಕಿ ಕೊಡುವ ಸಣ್ಣ ಬಲೆ ಚೀಲ ಇದೆಯಲ್ಲ, ಕಾಯಿ ಬಣ್ಣ ತಿರುಗುತ್ತಿದ್ದ ಹಾಗೆ ಅದನ್ನು ತೊಡಿಸಿ ದಾರ ಎಳೆದು ಕಟ್ಟುತ್ತೇನೆ. ಗಾಳಿ ಬೆಳಕು ಆಡುತ್ತದೆ, ಕೊಕ್ಕು ಅಷ್ಟು ಸುಲಭಕ್ಕೆ ತಾಗಲ್ಲ. ಒಂದು ಮದುವೆ ಸೀಸನ್ ಮುಗಿಸಿದರೆ ಇಡೀ ಗಿಡಕ್ಕೆ ಆಗುವಷ್ಟು ಚೀಲ ಮನೆಯಲ್ಲಿರುತ್ತವೆ, ಅಲ್ವಾ?