ವಿದೇಶಕ್ಕೆ ತಿಂಡಿ ಕಟ್ಟಿಕೊಳ್ಳುವ ಮುಂಚೆ

ಸೂಟ್‌ಕೇಸ್ ತುಂಬುವ ಮೊದಲು ಹೋಗುವ ದೇಶದ ಕಸ್ಟಮ್ಸ್ ವೆಬ್‌ಸೈಟ್ ಒಮ್ಮೆ ನೋಡಿಬಿಡಿ. ಹಣ್ಣು, ಬೀಜ, ಮಾಂಸ, ಹಾಲಿನ ಪದಾರ್ಥಗಳಿಗೇ ತಕರಾರು ಜಾಸ್ತಿ. ನ್ಯೂಜಿಲೆಂಡ್‌ಗೆ ಹೋಗುವವರು ಒಂದು ಬಿಸ್ಕತ್ತಿನ ಪ್ಯಾಕೆಟ್ ಇದ್ದರೂ ಫಾರ್ಮಿನಲ್ಲಿ ತಿಳಿಸಲೇಬೇಕು. ವಿಮಾನದಲ್ಲಿ ಕೊಟ್ಟ ಸೇಬು ಬ್ಯಾಗಿನಲ್ಲೇ ಮರೆತು ಉಳಿದರೆ ಅದಕ್ಕೂ ದಂಡ ಬೀಳಬಹುದು. ಅನುಮಾನ ಇದ್ದರೆ ಸುಮ್ನೆ 'ಇದೆ' ಅಂತ ಬರೆದುಬಿಡಿ. ಒಪ್ಪಿಗೆ ಇಲ್ಲದ್ದನ್ನು ತೆಗೆದುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟರೆ ಮಾತ್ರ ಕಷ್ಟ.

ಕಂಪನಿ ಸೀಲ್ ಇರುವ ಪ್ಯಾಕೆಟ್‌ಗಳನ್ನು ಒಡೆಯದೆ ಹಾಗೇ ಇಡಿ. ಮೇಲಿನ ಲೇಬಲ್ ಓದಿದರೆ ಒಳಗೇನಿದೆ ಅಂತ ಅಧಿಕಾರಿಗೆ ಗೊತ್ತಾಗುತ್ತದೆ. ಡಬ್ಬಿಗೆ ಸುರಿದ ಪುಡಿ ಕಂಡರೆ ಪ್ರಶ್ನೆ ಕೇಳದೆ ಬಿಡುವುದಿಲ್ಲ ಅಲ್ವಾ?

ಎತ್ತರಕ್ಕೆ ಹೋದಂತೆ ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಪ್ಯಾಕೆಟ್ ಉಬ್ಬುತ್ತದೆ. ಎಣ್ಣೆ ಇರುವುದು ಅಂಚಿನಿಂದ ಜಿನುಗಿದರೆ ಬಟ್ಟೆಯೆಲ್ಲ ಹಾಳು. ಅಂಥದ್ದನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಕವರಿನಲ್ಲಿ ಸುತ್ತಿ. ಜಾಮ್, ಜೇನುತುಪ್ಪ ಹೆಚ್ಚಿನ ಏರ್‌ಪೋರ್ಟ್‌ಗಳಲ್ಲಿ ದ್ರವದ ಲೆಕ್ಕಕ್ಕೇ ಬರುತ್ತವೆ. 100 ಮಿಲಿಗಿಂತ ದೊಡ್ಡ ಬಾಟಲಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ.

ತಿನ್ನುವುದೆಲ್ಲ ಒಂದೇ ಚೀಲದಲ್ಲಿ, ಸೂಟ್‌ಕೇಸಿನ ಮೇಲ್ಗಡೆ ಇರಲಿ. ತಪಾಸಣೆಯಲ್ಲಿ ಬಟ್ಟೆಯೆಲ್ಲ ಕೆದಕುವ ಕೆಲಸ ತಪ್ಪುತ್ತದೆ.